ಭಾವಚಿತ್ರ ನಡೆದು ಬಂದ ದಾರಿ

ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಯ ಕೆಲಸವನ್ನು ಕೈಗೆತ್ತಿಕೊಂಡಾಗ ಆಡಳಿತ ಮಂಡಳಿಯವರು ನಮ್ಮ ಸಮಿತಿಗೆ ವಹಿಸಿದ ಮೊದಲ ಕೆಲಸ ಬಹಳ ಸುಲಭದ್ದೆಂದೇ ತೋರಿತ್ತು. ಈ ಇಪ್ಪತ್ತೈದು ವರ್ಷಗಳಲ್ಲಿ ನಮ್ಮನ್ನು ಅಗಲಿದ ಸದಸ್ಯರ ಭಾವಚಿತ್ರಗಳನ್ನು ಸಂಗ್ರಹಿಸಿ ಎರಡು ಪುಟಗಳಲ್ಲಿ ಅಚ್ಚು ಹಾಕಿಸಬೇಕು, ಅಷ್ಟೇ. ಸದಸ್ಯತ್ವದ ಅರ್ಜಿಗಳೆಲ್ಲ ಕಚೇರಿಯ ಬೀರುವಿನಲ್ಲಿ ಭದ್ರವಾಗಿವೆ, ಒಂದೊಂದು ಅರ್ಜಿಗೂ ಒಂದೊಂದು ಫೋಟೋ ಅಂಟಿಸಿದೆ, ಒಂದು ಮಧ್ಯಾಹ್ನ ಕೂತರೆ ಮುಗೀತು ಅಂದುಕೊಂಡೆವು. ಕಡತದ ದಾರ ಬಿಚ್ಚಿ ಕೂತ ಮೇಲೆ ಮೂರು ತಿಂಗಳು ಅದರಲ್ಲೇ ಕಳೆಯಿತು. ಆ ಮೂರು ತಿಂಗಳಲ್ಲಿ ನಾವು ಕಂಡುಕೊಂಡದ್ದನ್ನು ಸದಸ್ಯ ಬಂಧುಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲ ಐದು ವರ್ಷದ ಅರ್ಜಿಗಳಲ್ಲಿ ಬಹುಪಾಲು ಕಪ್ಪು ಬಿಳುಪಿನ ಸ್ಟಾಂಪ್ ಸೈಜಿನ ಫೋಟೋಗಳು. ನಡುವೆ ಒಂದಿಷ್ಟು ಬಣ್ಣದವು. ಕಪ್ಪು ಬಿಳುಪಿನವು ನಿನ್ನೆ ತೆಗೆಸಿದ ಹಾಗಿವೆ. ಬಣ್ಣದವು ಸ್ವಲ್ಪ ಕೆಂಪಡರಿದ್ದರೂ ಮುಖ ಗೊತ್ತಾಗುತ್ತದೆ. ಆದರೆ 2006ರಿಂದ 2009ರವರೆಗಿನ ಕಟ್ಟು ಬಿಚ್ಚಿದಾಗ ನಮಗೆ ದಿಕ್ಕೇ ತೋಚಲಿಲ್ಲ. ಗೋಂದಿನ ತೇವಕ್ಕೋ, ಮಳೆಗಾಲದಲ್ಲಿ ಗೋಡೆ ಒಸರಿದ ಥಂಡಿಗೋ, ಫೋಟೋದ ಬಣ್ಣವೆಲ್ಲ ಕದಡಿ ಮುಖವಿದ್ದ ಕಡೆ ನೇರಳೆ ಬಣ್ಣದ ಒಂದು ಕಲೆ ಉಳಿದಿದೆ. ಅದರ ಮೇಲೆ ನಮ್ಮ ಸಂಘದ ರಬ್ಬರ್ ಮೊಹರು ಮಾತ್ರ ಸ್ಪಷ್ಟವಾಗಿದೆ! 2010ರ ಈಚಿನವು ಮತ್ತೆ ಚೆನ್ನಾಗಿವೆ. ಹಳೆಯದು ಉಳಿದು, ಹೊಸದು ಅಳಿದು, ಅದಕ್ಕಿಂತ ಹೊಸದು ಮತ್ತೆ ಉಳಿದದ್ದು ಹೇಗೆ? ಈ ಪ್ರಶ್ನೆ ಹಿಡಿದುಕೊಂಡು ನಾವು ಹೋದದ್ದು ಹೋಬಳಿ ಬಸ್ ನಿಲ್ದಾಣದ ಎದುರಿನ ಸ್ಟುಡಿಯೋಗೆ. ಆ ಸ್ಟುಡಿಯೋದ ಹಿರಿಯರನ್ನು ನಾವೆಲ್ಲ ಫೋಟೋದಣ್ಣ ಎಂದೇ ಕರೆಯುವುದು. ನಮ್ಮ ಸಂಘದ ಸದಸ್ಯರೂ ಹೌದು. ಹೆಸರು ಹಾಕಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿದ್ದರಿಂದ ಹಾಕಿಲ್ಲ.

ಅವರ ಕಥೆಗೆ ಬರುವ ಮುನ್ನ ಎರಡು ಮಾತು ಹಿಂದಿನದು. ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ತಿಳಿದದ್ದು 1839ರಲ್ಲಿ, ಪ್ಯಾರಿಸ್ಸಿನಲ್ಲಿ, ಡಾಗೆರ್ ಎಂಬಾತನಿಂದ. ಅದೇ ವರ್ಷ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್, ಮೂಡಿದ ಚಿತ್ರವನ್ನು ಹೈಪೋ ದ್ರಾವಣದಲ್ಲಿ ಅದ್ದಿದರೆ ಅದು ನಿಲ್ಲುತ್ತದೆ ಎಂಬುದನ್ನು ತೋರಿಸಿಕೊಟ್ಟ. ನಮ್ಮ ಫೋಟೋದಣ್ಣ 2005ರವರೆಗೂ ಬಕೆಟ್ಟಿನಲ್ಲಿ ಕಲಸುತ್ತಿದ್ದುದು ಅದೇ ಹೈಪೋ. 1850ರ ದಶಕದಲ್ಲಿಯೇ ಮುಂಬಯಿ, ಕಲ್ಕತ್ತೆ, ಮದರಾಸುಗಳಲ್ಲಿ ಫೋಟೋಗ್ರಾಫಿಕ್ ಸೊಸೈಟಿಗಳು ಹುಟ್ಟಿದವು. ಆಮೇಲೆ ಬ್ರಿಟಿಷ್ ಸರ್ಕಾರದವರು ಈ ದೇಶದ ಜಾತಿ ಜನಾಂಗಗಳ ಫೋಟೋಗಳನ್ನು ತೆಗೆಸಿ 1868ರಿಂದ 1875ರ ಒಳಗೆ ಎಂಟು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಮುಖಗಳಿವೆ, ಆದರೆ ಅವು ಆಳುವವರ ಲೆಕ್ಕಕ್ಕೆ ಬೇಕಾಗಿದ್ದ ಮುಖಗಳು. ಕೂತವರ ಮನೆಗೆ ಒಂದು ಪ್ರತಿ ಹೋಗಿರಲಾರದು. ತನ್ನ ಮುಖವನ್ನು ತಾನೇ ದುಡ್ಡು ಕೊಟ್ಟು ತೆಗೆಸಿ, ಕಟ್ಟು ಹಾಕಿಸಿ, ತನ್ನ ಗೋಡೆಗೆ ತಾನೇ ತೂಗುಹಾಕುವ ಭಾಗ್ಯ ರೈತನಿಗೆ ಬಂದದ್ದು ಎಷ್ಟೋ ತಡವಾಗಿ, ಪೇಟೆಯ ಸ್ಟುಡಿಯೋ ಮತ್ತು ಜಾತ್ರೆಯ ಪರದೆಯ ಅಂಗಡಿ ಬಂದ ಮೇಲೆ.

ಇಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಿಬಿಡಬೇಕು. ನಮ್ಮ ನಾಡಿನ ಸಹಕಾರ ಚಳವಳಿ 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಆರಂಭವಾಯಿತೆಂಬುದು ಸಹಕಾರಿಗಳೆಲ್ಲರಿಗೂ ಗೊತ್ತು. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಭಾವಚಿತ್ರಕ್ಕೆ ಹಾರ ಹಾಕಿಯೇ ನಮ್ಮ ಸಂಘದ ವಾರ್ಷಿಕ ಮಹಾಸಭೆ ಶುರುವಾಗುವುದು. ಆದರೆ ಹಾರ ಹಾಕಿಸಿಕೊಳ್ಳುವುದು ಹಿರಿಯರ ಮುಖ ಮಾತ್ರ. ಒಂದೊಂದು ಷೇರು ಹಾಕಿ ಸಂಘ ನಿಲ್ಲಿಸಿದ ಸಾಮಾನ್ಯ ಸದಸ್ಯನ ಮುಖ ಇರುವುದು ಅರ್ಜಿಯ ಮೂಲೆಯಲ್ಲಿ, ಸ್ಟಾಂಪ್ ಸೈಜಿನಲ್ಲಿ, ಮೊಹರಿನ ಕೆಳಗೆ.

ಈಗ ಸ್ಟುಡಿಯೋಗೆ ಬರೋಣ. ಫಿಲಂ ಕಾಲದಲ್ಲಿ ಒಂದು ಫೋಟೋ ಹೇಗಾಗುತ್ತಿತ್ತು ಎಂಬುದನ್ನು ನಮ್ಮ ಯುವಕರಿಗಾಗಿ ಸ್ವಲ್ಪ ಬಿಡಿಸಿಯೇ ಬರೆಯುತ್ತೇವೆ. ಫೋಟೋದಣ್ಣನ ಕೈಯಲ್ಲಿದ್ದುದು ಯಾಷಿಕಾ ಮ್ಯಾಟ್ ಕ್ಯಾಮೆರಾ. ಮೇಲಿಂದ ಬಗ್ಗಿ ನೋಡುವಂಥದ್ದು. ಅದಕ್ಕೆ 120 ನಂಬರಿನ ರೀಲು, ಒಂದು ರೀಲಿಗೆ ಹನ್ನೆರಡೇ ಹನ್ನೆರಡು ಚೌಕದ ಚಿತ್ರ. ಹನ್ನೆರಡಕ್ಕಿಂತ ಒಂದೂ ಹೆಚ್ಚಿಲ್ಲ ಅಂದ ಮೇಲೆ ಬಟನ್ ಒತ್ತುವ ಮುಂಚೆ ಎಷ್ಟು ಜಾಗ್ರತೆ ಇರಬೇಕು ನೋಡಿ! ಕೂತವರ ಹೆಗಲು ತಿದ್ದಿ, ಗದ್ದ ಎತ್ತಿಸಿ, ದೀಪ ಸರಿಸಿ, 'ಉಸಿರು ಹಿಡೀರಿ ಗೌಡ್ರೇ' ಅಂದು ಒಂದೇ ಒಂದು ಸಲ ಒತ್ತುವುದು. ಕಣ್ಣು ಮುಚ್ಚಿದ ಅನುಮಾನ ಬಂದರೆ ಮಾತ್ರ ಎರಡನೆಯದು, ಅದೂ ಗೊಣಗಿಕೊಂಡು. ಹನ್ನೆರಡೂ ಮುಗಿಯುವ ತನಕ ರೀಲು ತೊಳೆಯುವ ಹಾಗಿಲ್ಲ. ಸೋಮವಾರ ಸಂತೆಯ ದಿನ ತೆಗೆಸಿದರೆ ಮುಂದಿನ ಸಂತೆಗೆ ಫೋಟೋ. ಅರ್ಜಿಗೆ ಅವಸರ ಇದ್ದವರು 'ಏನಣ್ಣಾ, ಇನ್ನೂ ರೀಲು ಮುಗೀಲಿಲ್ವಾ' ಎಂದು ಸ್ಟುಡಿಯೋ ಬಾಗಿಲಲ್ಲಿ ನಿಂತು, ದಾರಿಯಲ್ಲಿ ಹೋಗುವವರನ್ನೇ ಕರೆದು 'ನೀನೂ ಒಂದು ತೆಗೆಸ್ಕೊಳ್ಳೋ' ಎಂದು ಪುಸಲಾಯಿಸುತ್ತಿದ್ದುದು ನಮಗೆ ಚೆನ್ನಾಗಿ ನೆನಪಿದೆ.

ಕತ್ತಲೆ ಕೋಣೆಯಲ್ಲಿ ರೀಲು ತೊಳೆದು, ಒಣಗಿಸಿ, ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನಲ್ಲಿ ಟಚಪ್ ಮಾಡುವುದೇ ದೊಡ್ಡ ವಿದ್ಯೆ. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಮುಖದ ಸುಕ್ಕು ಅಲ್ಲಿ ತೆಳುವಾದ ಬಿಳಿ ಗೆರೆಯಾಗಿ ಕಾಣುತ್ತದೆ. ಆ ಗೆರೆಯ ಮೇಲೆ ಪೆನ್ಸಿಲ್ ಆಡಿಸಿದರೆ ಅಷ್ಟು ಬೆಳಕು ತಡೆದು, ಕಾಗದದ ಮೇಲೆ ಸುಕ್ಕು ಮಾಯವಾಗುತ್ತದೆ. ಹೆಚ್ಚಾದರೆ ಮುಖ ಹಿಟ್ಟು ಬಳಿದ ಹಾಗೆ. 'ಮದುವೆ ಫೋಟೋಕ್ಕೆ ಮೂರು ಗೆರೆ, ಮುದುಕರ ಫೋಟೋಕ್ಕೆ ಒಂದೇ ಗೆರೆ. ಮುದುಕರ ಸುಕ್ಕು ಪೂರ್ತಿ ತೆಗೆದ್ರೆ ಮೊಮ್ಮಕ್ಕಳಿಗೇ ಗುರುತು ಸಿಗಲ್ಲ' ಎಂದು ಫೋಟೋದಣ್ಣ ಹೇಳಿದರು. ಎಲ್ಲ ಮುಗಿದ ಮೇಲೆ ನೆಗೆಟಿವ್ ಕತ್ತರಿಸಿ, ಕಾಗದದ ಲಕೋಟೆಗೆ ಹಾಕಿ, ಮೇಲೆ ನಂಬರು. ಅದೇ ನಂಬರು ಫೋಟೋದ ಬೆನ್ನಿಗೂ ಪೆನ್ಸಿಲ್ಲಿನಲ್ಲಿ. ಒಂದು ಲೆಕ್ಕದ ಪುಸ್ತಕದಲ್ಲಿ ನಂಬರು, ಹೆಸರು, ಊರು. ಈ ಲೆಕ್ಕದ ಪುಸ್ತಕದ ವಿಷಯ ಸದಸ್ಯರು ನೆನಪಿನಲ್ಲಿಡಬೇಕು, ಮುಂದೆ ಬರುತ್ತದೆ.

ಆ ರೀಲು ಎಲ್ಲಿಂದ ಬರುತ್ತಿತ್ತು? ಕೊಡಕ್, ಆಗ್ಫಾ ಮೊದಲಾದ ಪರದೇಶದ ಹೆಸರುಗಳು ಎಲ್ಲರಿಗೂ ಗೊತ್ತು. ಆದರೆ ನಮ್ಮ ಪಕ್ಕದ ನೀಲಗಿರಿಯ ಊಟಿಯಲ್ಲೇ ಸರ್ಕಾರಿ ಫಿಲಂ ಕಾರ್ಖಾನೆ ಇತ್ತೆಂಬುದು ಎಷ್ಟು ಜನಕ್ಕೆ ಗೊತ್ತು? ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಆ ಕಾರ್ಖಾನೆ 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಕೆಲಸ ಆರಂಭಿಸಿತು. ಅದರ ಫಿಲಮ್ಮಿನ ಹೆಸರು 'ಇಂದು'. ಕಪ್ಪು ಬಿಳುಪಿನ ಕಾಲದಲ್ಲಿ ನಮ್ಮ ಕಡೆಯ ಸ್ಟುಡಿಯೋಗಳಿಗೆ ಅದು ದೊಡ್ಡ ಆಸರೆ. ಕಾಲ ಬಣ್ಣಕ್ಕೆ ತಿರುಗಿದಾಗ ಅದು ಹಿಂದೆ ಬಿತ್ತು. 1996ರಲ್ಲಿ ರೋಗಗ್ರಸ್ತ ಉದ್ಯಮವೆಂದು ಘೋಷಣೆಯಾಗಿ ಕೊನೆಗೆ ಮುಚ್ಚಿಹೋಯಿತು. ಸರ್ಕಾರದ ಕಾರ್ಖಾನೆ ನಷ್ಟದಲ್ಲಿ ಮುಚ್ಚಿದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಖಾಸಗಿಯ ದೈತ್ಯರೂ ಅದೇ ಹೊಳೆಯಲ್ಲಿ ಕೊಚ್ಚಿಹೋದರು ಎಂಬುದನ್ನು ಮುಂದೆ ಹೇಳುತ್ತೇವೆ.

ಎಲ್ಲರೂ ಕಂಪ್ಯೂಟರ್ ಬಂದದ್ದೇ ಸ್ಟುಡಿಯೋದವರ ಬಾಳಿನ ದೊಡ್ಡ ತಿರುವು ಅನ್ನುತ್ತಾರೆ. ನಮ್ಮ ಅಭಿಪ್ರಾಯ ಬೇರೆ. ಮೊದಲ ತಿರುವು ಬಣ್ಣದ ಫಿಲಮ್ಮು. ಕಪ್ಪು ಬಿಳುಪನ್ನು ಮನೆಯ ಹಿತ್ತಲ ಕೋಣೆಯಲ್ಲಿ ಕೆಂಪು ಬಲ್ಬು ಹಾಕಿಕೊಂಡು ತೊಳೆಯಬಹುದಿತ್ತು. 1972ರಲ್ಲಿ ಕೊಡಕ್ ಕಂಪನಿ ತಂದ ಬಣ್ಣದ ವಿಧಾನಕ್ಕೆ ದ್ರಾವಣ ಸರಿಯಾಗಿ 38 ಡಿಗ್ರಿಯ ಹತ್ತಿರ ಇರಬೇಕು, ತೊಳೆಯುವ ಹೊತ್ತು ಮೂರೂಕಾಲು ನಿಮಿಷ. ಒಂದು ಡಿಗ್ರಿ ಆಚೀಚೆಯಾದರೆ ಮುಖ ಹಸಿರು, ಆಕಾಶ ಕೆಂಪು. ಅದು ಹಿತ್ತಲ ಕೋಣೆಯಲ್ಲಿ ಆಗುವ ಕೆಲಸವಲ್ಲ. ಹಾಗಾಗಿ ಪೇಟೆಯಲ್ಲಿ ಕಲರ್ ಲ್ಯಾಬುಗಳು ಎದ್ದವು. ನಮ್ಮ ಸ್ಟುಡಿಯೋದ ರೀಲು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಜಿಲ್ಲಾ ಕೇಂದ್ರಕ್ಕೆ ಹೋಗಿ, ಮರುದಿನದ ಬಸ್ಸಿನಲ್ಲಿ ಫೋಟೋ ಆಗಿ ಬರುತ್ತಿತ್ತು. ತೊಳೆಯುವುದೂ ಹೋಯ್ತು, ಪೆನ್ಸಿಲ್ಲೂ ಹೋಯ್ತು. 'ಬೀಜ ನಮ್ಮದು, ಬೆಳೆ ಅವರದು ಅನ್ನೋ ಹಾಗಾಯ್ತು' ಎಂದರು ಫೋಟೋದಣ್ಣ. ಸ್ಟಾಂಪ್ ಸೈಜು, ಪಾಸ್‌ಪೋರ್ಟ್ ಸೈಜಿಗೆ ಮಾತ್ರ ಅವರು ಕಪ್ಪು ಬಿಳುಪನ್ನು ಬಿಡಲಿಲ್ಲ. ನಮ್ಮ ಸಂಘದ ಮೊದಲ ಕಡತ ಇವತ್ತೂ ಹೊಳೆಯುತ್ತಿರುವುದು ಆ ಹಟದಿಂದ.

ಇನ್ನು ಡಿಜಿಟಲ್ಲಿನ ಹುಟ್ಟು. ಬೆಳಕನ್ನು ವಿದ್ಯುತ್ತಾಗಿ ಹಿಡಿದಿಡುವ ಸಿ.ಸಿ.ಡಿ. ಎಂಬ ಬಿಲ್ಲೆಯನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಬಾಯ್ಲ್ ಮತ್ತು ಸ್ಮಿತ್ 1969ರಲ್ಲಿ ಕಂಡುಹಿಡಿದರು. ಅದಕ್ಕೆ 2009ರಲ್ಲಿ ನೊಬೆಲ್ ಬಹುಮಾನವೂ ಬಂತು. 1975ರಲ್ಲಿ ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಆ ಬಗೆಯ ಬಿಲ್ಲೆ ಬಳಸಿ ಫಿಲಂ ಇಲ್ಲದ ಕ್ಯಾಮೆರಾ ಕಟ್ಟಿದರು. ಅದರ ತೂಕ ಮೂರೂವರೆ ಕೆ.ಜಿ.ಗೂ ಮಿಕ್ಕಿ. ಒಂದು ಚಿತ್ರದಲ್ಲಿ ಹತ್ತು ಸಾವಿರ ಚುಕ್ಕಿ. ಅದನ್ನು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು. ಫಿಲಂ ಮಾರಿ ಬದುಕುವ ಕಂಪನಿಯ ಮನೆಯೊಳಗೇ ಫಿಲಮ್ಮಿಗೆ ಮೃತ್ಯು ಹುಟ್ಟಿತ್ತೆಂದರೆ ತಪ್ಪಲ್ಲ. ಆಮೇಲೆ ಸುಮಾರು ಇಪ್ಪತ್ತೈದು ವರ್ಷ ಅದು ಶ್ರೀಮಂತ ಪತ್ರಿಕೆಗಳವರ ಸೊತ್ತಾಗಿತ್ತು. 1999ರಲ್ಲಿ ನಿಕಾನ್ ಡಿ1, 2003ರಲ್ಲಿ ಕ್ಯಾನನ್ 300ಡಿ ಬಂದವು. ಅರವತ್ತು ಲಕ್ಷ ಚುಕ್ಕಿಗಳ ಈ ಎರಡನೆಯ ಕ್ಯಾಮೆರಾ, ಸಾಧಾರಣ ಸ್ಟುಡಿಯೋದವನೂ ಸಾಲಸೋಲ ಮಾಡಿ ಕೊಳ್ಳಬಹುದಾದ ಬೆಲೆಗೆ ಇಳಿದ ಮೊದಲಿನವುಗಳಲ್ಲಿ ಒಂದು.

ಅಲ್ಲಿಂದ ಮುಂದಿನ ಬದಲಾವಣೆ ಕಟ್ಟೆಯೊಡೆದ ನೀರಿನ ಹಾಗೆ. 2005ರ ಮೇ ತಿಂಗಳಲ್ಲಿ ಜರ್ಮನಿಯ ಆಗ್ಫಾಫೋಟೋ ದಿವಾಳಿ. ಜೂನ್‌ನಲ್ಲಿ ಕೊಡಕ್ ಕಂಪನಿ, ಕಪ್ಪು ಬಿಳುಪಿನ ಕಾಗದ ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. 2006ರ ಜನವರಿಯಲ್ಲಿ ನಿಕಾನ್ ತನ್ನ ಬಹುತೇಕ ಫಿಲಂ ಕ್ಯಾಮೆರಾಗಳನ್ನು ಕೈಬಿಟ್ಟಿತು. ಅದೇ ತಿಂಗಳು ಕೊನಿಕಾ ಮಿನೋಲ್ಟಾ ಫೋಟೋ ವ್ಯವಹಾರವನ್ನೇ ಬಿಡುವುದಾಗಿ ಸಾರಿತು. ಪೇಟೆ ಬೀದಿಯ ಕಲರ್ ಲ್ಯಾಬುಗಳ ನೀಲಿ ಬೋರ್ಡುಗಳಲ್ಲಿ ಆ ಕೊನಿಕಾ ಹೆಸರನ್ನು ಓದಿದವರು ನಮ್ಮಲ್ಲಿ ಬಹಳ ಜನ. ಕೊಡಕ್ ಕಂಪನಿಯೇ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಹೋಬಳಿಯ ಫೋಟೋದಣ್ಣನಿಗೆ ಈ ಸುದ್ದಿಗಳೆಲ್ಲ ಬಂದದ್ದು ಒಂದೇ ರೂಪದಲ್ಲಿ: ಪೇಟೆಯ ಅಂಗಡಿಯವರು 'ಆ ಪೇಪರ್ ಇನ್ನು ಬರಲ್ಲ ಸ್ವಾಮಿ' ಅಂದರು.

ಆಗಲೇ ಅವರು ನಮ್ಮ ಸಂಘಕ್ಕೆ ಸಾಲದ ಅರ್ಜಿ ಹಾಕಿದ್ದು: ಒಂದು ಡಿಜಿಟಲ್ ಕ್ಯಾಮೆರಾ, ಒಂದು ಕಂಪ್ಯೂಟರ್, ಒಂದು ಪ್ರಿಂಟರ್. ಅಂದಿನ ಆಡಳಿತ ಮಂಡಳಿಯ ಸಭೆಯಲ್ಲಿ ಆದ ಚರ್ಚೆ ನಡಾವಳಿ ಪುಸ್ತಕದಲ್ಲಿ ಎರಡೇ ಸಾಲಿದೆ. ನಿಜವಾಗಿ ಆದದ್ದು ಎರಡು ಗಂಟೆ. ಒಬ್ಬ ಹಿರಿಯ ನಿರ್ದೇಶಕರು ಎದ್ದು ನಿಂತು, 'ಎತ್ತಿಗೆ ಸಾಲ ಕೊಟ್ರೆ ಎತ್ತು ಕಾಣುತ್ತೆ, ಬೋರಿಗೆ ಕೊಟ್ರೆ ನೀರು ಕಾಣುತ್ತೆ, ಕಂಪ್ಯೂಟ್ರಿಗೆ ಕೊಟ್ರೆ ಏನು ಕಾಣುತ್ತೆ ಹೇಳ್ರಪ್ಪಾ' ಎಂದರು. ಅದಕ್ಕೆ ಫೋಟೋದಣ್ಣ, 'ನಿಮ್ಮ ಮುಖಾನೇ ಕಾಣುತ್ತೆ ಅಣ್ಣಾ' ಎಂದದ್ದಕ್ಕೆ ಸಭೆ ನಕ್ಕು, ಇಬ್ಬರು ಜಾಮೀನುದಾರರ ಮೇಲೆ ಸಾಲ ಮಂಜೂರಾಯಿತು. ಕಂತುಗಳನ್ನು ಅವರು ತಪ್ಪದೆ ಕಟ್ಟಿದರು ಎಂಬುದನ್ನು ಇಲ್ಲಿ ದಾಖಲಿಸಲು ಸಂತೋಷವಾಗುತ್ತದೆ.

ಆದರೆ ಕ್ಯಾಮೆರಾ ಬಂದ ಮೊದಲ ವರ್ಷ ಪಟ್ಟ ಪಾಡು ಅವರಿಗೇ ಗೊತ್ತು. ನೆಗೆಟಿವ್ ಫಿಲಮ್ಮಿಗೆ ಬೆಳಕು ಸ್ವಲ್ಪ ಹೆಚ್ಚಾದರೂ ಅದು ತಾಳಿಕೊಳ್ಳುತ್ತದೆ, ಕಡಿಮೆಯಾದರೇ ಕಷ್ಟ. ಹಾಗಾಗಿ ಹಳೆಯ ಕೈಗಳೆಲ್ಲ ಒಂದು ಹಿಡಿ ಬೆಳಕು ಹೆಚ್ಚಿಗೇ ಕೊಡುವುದನ್ನು ರೂಢಿ ಮಾಡಿಕೊಂಡಿದ್ದವು. ಡಿಜಿಟಲ್ಲಿನದು ಇದಕ್ಕೆ ಉಲ್ಟಾ. ಬೆಳಕು ಹೆಚ್ಚಾದ ಜಾಗ ಸುಟ್ಟು ಬೆಳ್ಳಗಾಗಿ, ಅಲ್ಲಿ ಏನೂ ಉಳಿಯುವುದಿಲ್ಲ, ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ವಾಪಸ್ಸು ಬರುವುದಿಲ್ಲ. ನಮ್ಮ ರೈತರು ಫೋಟೋಕ್ಕೆ ಬರುವುದೇ ಒಗೆದ ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೆ ಬಿಳಿ ಟವೆಲ್ಲು ಹಾಕಿಕೊಂಡು! ಮೊದಲ ತಿಂಗಳ ಫೋಟೋಗಳಲ್ಲೆಲ್ಲ ಒಂದು ಬಿಳಿ ಗೋಡೆಯ ಮೇಲೆ ತಲೆ ಇಟ್ಟ ಹಾಗೆ. ಅದನ್ನು ಬಿಡಿಸಿಕೊಳ್ಳಲು ಅವರು ಮೂವತ್ತು ವರ್ಷದ ಕೈ ಅಭ್ಯಾಸವನ್ನೇ ಮರೆಯಬೇಕಾಯಿತು.

ಎರಡನೆಯ ತೊಂದರೆ ಕೋಣೆಯದು. ಕಡಿಮೆ ಬೆಲೆಯ ಡಿಜಿಟಲ್ ಕ್ಯಾಮೆರಾಗಳ ಬಿಲ್ಲೆ, ಫಿಲಂ ಚೌಕಟ್ಟಿಗಿಂತ ಸಣ್ಣದು. ಹಾಗಾಗಿ ಅದೇ ಲೆನ್ಸ್ ಒಂದೂವರೆ ಪಟ್ಟು ಹತ್ತಿರಕ್ಕೆ ಎಳೆದ ಹಾಗೆ ಕಾಣುತ್ತದೆ. ಒಬ್ಬರ ಮುಖಕ್ಕೆ ಅದು ಒಳ್ಳೆಯದೇ. ಆದರೆ ಎಂಟು ಜನರ ಮನೆಮಂದಿಯನ್ನು ನಿಲ್ಲಿಸಿದರೆ ಹಿಂದೆ ಸರಿಯಲು ಜಾಗವೇ ಇಲ್ಲ. ಫೋಟೋದಣ್ಣ ಬಾಗಿಲು ದಾಟಿ, ಮೆಟ್ಟಿಲಿಳಿದು, ರಸ್ತೆಯಲ್ಲಿ ನಿಂತು ಒಳಗಿನ ಗ್ರೂಪ್ ಫೋಟೋ ತೆಗೆದದ್ದನ್ನು ಬಸ್ಸಿಗೆ ಕಾಯುವವರೆಲ್ಲ ನೋಡಿದ್ದಾರೆ.

ಮೂರನೆಯದು ಇನ್ನೂ ಸೂಕ್ಷ್ಮ. ಮೊದಲು ಫೋಟೋ ಬರುವ ತನಕ ಕೂತವರಿಗೆ ತಾವು ಹೇಗೆ ಬಂದಿದ್ದೇವೆಂದು ಗೊತ್ತಿರಲಿಲ್ಲ. ತೆಗೆದವನ ಕಣ್ಣನ್ನು ನಂಬಿ ಹೋಗುತ್ತಿದ್ದರು. ಈಗ ಕ್ಯಾಮೆರಾದ ಬೆನ್ನ ಮೇಲೆಯೇ ಮುಖ. 'ಇದು ಬ್ಯಾಡ, ಇನ್ನೊಂದು ತೆಗಿ', 'ಕಪ್ಪಗೆ ಬಂದಿದೀನಿ, ಬೆಳ್ಳಗೆ ಮಾಡು'. ಹನ್ನೆರಡು ಚಿತ್ರಕ್ಕೆ ಹನ್ನೆರಡು ಗಿರಾಕಿಯ ಲೆಕ್ಕ ಹೋಗಿ, ಒಬ್ಬರಿಗೇ ಹನ್ನೆರಡು ಆಯಿತು. ಅಷ್ಟರಲ್ಲಿ ಅವರ ಮಗ ಪೇಟೆಗೆ ಹೋಗಿ ಫೋಟೋಶಾಪ್ ಕಲಿತು ಬಂದಿದ್ದ. 1990ರಲ್ಲಿ ಮೊದಲು ಮಾರಾಟಕ್ಕೆ ಬಂದ ಆ ತಂತ್ರಾಂಶ ಕಲಿತವನಿಗೆ ಪೆನ್ಸಿಲ್ಲಿನ ಹಂಗಿಲ್ಲ. ಕೋಟು ಹಾಕದವನಿಗೆ ಕೋಟು, ಜಮೀನು ನೋಡದವನ ಹಿಂದೆ ಅಡಿಕೆ ತೋಟ, ಬೇರೆ ಬೇರೆ ಫೋಟೋದಲ್ಲಿದ್ದ ಗಂಡ ಹೆಂಡತಿ ಒಂದೇ ಸೋಫಾದ ಮೇಲೆ. ಒಬ್ಬ ಸದಸ್ಯರ ಎಡಗೆನ್ನೆಯ ಮಚ್ಚೆಯನ್ನು ಹುಡುಗ ಚಂದ ಕಾಣಲಿ ಎಂದು ಅಳಿಸಿಬಿಟ್ಟು, ಅರ್ಜಿಯಲ್ಲಿ 'ಗುರುತಿನ ಚಿಹ್ನೆ: ಎಡಗೆನ್ನೆಯ ಮೇಲೆ ಮಚ್ಚೆ' ಎಂದು ಬರೆದಿದ್ದರಿಂದ ನಮ್ಮ ಕಾರ್ಯದರ್ಶಿಗಳು ಫೋಟೋ ವಾಪಸ್ಸು ಕಳಿಸಿದ್ದೂ ಉಂಟು.

ಇಷ್ಟೆಲ್ಲ ಇದ್ದರೂ ಲಾಭವನ್ನು ಮರೆಮಾಚಬಾರದು. ಬಣ್ಣದ ಫಿಲಂ ಕಸಿದುಕೊಂಡಿದ್ದ ಕೆಲಸವನ್ನು ಕಂಪ್ಯೂಟರ್ ಸ್ಟುಡಿಯೋಗೆ ವಾಪಸ್ಸು ತಂದುಕೊಟ್ಟಿತು. ರೀಲು ಇಲ್ಲ, ಬಸ್ಸಿಲ್ಲ, ಲ್ಯಾಬಿಲ್ಲ. ಕೂತು ಎದ್ದ ಹತ್ತೇ ನಿಮಿಷದಲ್ಲಿ ಎಂಟು ಪಾಸ್‌ಪೋರ್ಟ್ ಸೈಜು ಕೈಗೆ. ಯಶಸ್ವಿನಿ ಅರ್ಜಿಯ ದಿನಗಳಲ್ಲಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದವರು, ಎರಡನೇ ಸಲ ಬಸ್ ಚಾರ್ಜು ಹಾಕದೆ ಅದೇ ದಿನ ಅರ್ಜಿ ಕೊಟ್ಟು ಹೋದದ್ದನ್ನು ನಾವೇ ಕಂಡಿದ್ದೇವೆ. ಕೂಲಿ ಬಿಟ್ಟು ಬರುವವರಿಗೆ ಒಂದು ದಿನ ಉಳಿಯುವುದೆಂದರೆ ಸಣ್ಣ ಮಾತಲ್ಲ.

ಆ ಹತ್ತು ನಿಮಿಷದ ಪ್ರಿಂಟೇ ನಮ್ಮ ಕಡತದ ನೇರಳೆ ಕಲೆ. ಮೊದಲ ಪ್ರಿಂಟರು ಶಾಯಿ ಚಿಮುಕಿಸುವಂಥದ್ದು; ಆ ಶಾಯಿ ನೀರು ಕಂಡರೆ ಕರಗುತ್ತದೆ. ಗೋಂದಿನ ತೇವವೇ ಸಾಕು. 2010ರಲ್ಲಿ ಅವರು ಪ್ರಿಂಟರ್ ಬದಲಿಸಿದರು, ಅಲ್ಲಿಂದ ಮುಂದಿನವು ಗಟ್ಟಿ. ಸರಿ, ಕಾಗದ ಹೋಯಿತು, ಕಂಪ್ಯೂಟರಿನಲ್ಲಿರುವುದನ್ನೇ ಇನ್ನೊಂದು ಸಲ ತೆಗೆದುಕೊಡಿ ಎಂದೆವು. ಫೋಟೋದಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗನ ಕಡೆ ನೋಡಿದರು. 2009ರ ಮಳೆಗಾಲದಲ್ಲಿ ಕರೆಂಟು ಏರಿಳಿದು ಹಾರ್ಡ್ ಡಿಸ್ಕ್ ಸತ್ತಿತಂತೆ. ಪೇಟೆಗೆ ತೆಗೆದುಕೊಂಡು ಹೋಗಿ ತೋರಿಸಿದರೆ, ತೆಗೆಯಬಹುದೇನೋ, ಖರ್ಚು ಕ್ಯಾಮೆರಾದ ಬೆಲೆಯಷ್ಟಾಗುತ್ತದೆ ಎಂದರಂತೆ. ಸಿ.ಡಿ.ಗಳಿಗೆ ತುಂಬಿಸಿಟ್ಟದ್ದು ಮದುವೆಗಳು ಮಾತ್ರ. ಅವುಗಳಲ್ಲೂ ಅರ್ಧ ಈಗ ಓದಿಸಿಕೊಳ್ಳುವುದಿಲ್ಲ. ಪಾಸ್‌ಪೋರ್ಟ್ ಸೈಜಿನವನ್ನಂತೂ ಜಾಗ ಉಳಿಸಲು ತಿಂಗಳಿಗೊಮ್ಮೆ ಅಳಿಸುತ್ತಿದ್ದರು. 'ಕೊಟ್ಟಾಯ್ತು, ದುಡ್ಡು ಬಂತು, ಮತ್ತೆ ಯಾರು ಕೇಳ್ತಾರೆ ಅಂದ್ಕೊಂಡ್ವಿ' ಎಂದ ಮಗ. ಲೆಕ್ಕದ ಪುಸ್ತಕ? ಡಿಜಿಟಲ್ ಬಂದ ದಿನದಿಂದ ಬರೆದಿಲ್ಲ. ನಂಬರನ್ನು ಕ್ಯಾಮೆರಾವೇ ಹಾಕುತ್ತದೆ, 9999 ಆದ ಮೇಲೆ ಮತ್ತೆ ಒಂದರಿಂದ. ಹೆಸರು ಊರು ಅದಕ್ಕೆ ಗೊತ್ತಿಲ್ಲ.

ಅವರನ್ನು ದೂರುವ ಮನಸ್ಸು ನಮಗಿಲ್ಲ. ಅರ್ಜಿಗಳನ್ನು ಥಂಡಿ ಗೋಡೆಯ ಬೀರುವಿನಲ್ಲಿ ಇಟ್ಟವರು ನಾವೇ ಅಲ್ಲವೇ! ಫಿಲಂ ಕಾಲದವರೆಲ್ಲ ಜೋಪಾನ ಮಾಡಿದರು ಎಂದೂ ಅಲ್ಲ. ಕಪ್ಪು ಬಿಳುಪಿನ ಚಿತ್ರ ಅಂದರೆ ನಿಜವಾಗಿ ಬೆಳ್ಳಿಯ ಕಣಗಳು. ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಈ ಮಾತು ಹೇಳಲು ನಮಗೆ ಏನೋ ಖುಷಿ. ಆ ಬೆಳ್ಳಿಗಾಗಿಯೇ ಮುಚ್ಚಿದ ಸ್ಟುಡಿಯೋಗಳ ನೆಗೆಟಿವ್‌ಗಳನ್ನು ಗುಜರಿಯವರು ತೂಕಕ್ಕೆ ಕೊಂಡುಹೋದದ್ದೂ ಇದೆ. ಬೂಷ್ಟು ಹಿಡಿದು ಹೋದವು ಎಷ್ಟೋ. ಆದರೂ ನೆಗೆಟಿವ್‌ಗೆ ಒಂದು ಗುಣವಿದೆ: ಯಾರೂ ಗಮನಿಸದೆ ಮೂಲೆಯಲ್ಲಿ ಬಿದ್ದಿದ್ದರೂ ಅದು ಬದುಕಿರಬಲ್ಲದು. ಹಂಪಿಯ ಉದಾಹರಣೆ ನೋಡಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಾಳು ಹಂಪಿಯ ಅರವತ್ತರಷ್ಟು ಚಿತ್ರ ತೆಗೆದ. ನೂರಿಪ್ಪತ್ತು ವರ್ಷಕ್ಕೂ ಮೇಲೆ ಅವು ಇಂಗ್ಲೆಂಡಿನ ಒಂದು ಖಾಸಗಿ ಸಂಗ್ರಹದಲ್ಲಿ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ಕಂಬ ಬಿದ್ದಿದೆ, ಯಾವ ಗೋಪುರ ತಿದ್ದಿಸಿಕೊಂಡಿದೆ ಎಂಬುದು ಗೊತ್ತಾಗುತ್ತದೆ. ಕಂಪ್ಯೂಟರಿನ ಕಡತ ಹಾಗೆ ಮರೆತು ಬಿಟ್ಟರೆ ಬದುಕುವುದು ಕಷ್ಟ. ಅದನ್ನು ನಾಲ್ಕಾರು ವರ್ಷಕ್ಕೊಮ್ಮೆ ಹಸುವನ್ನು ಗೂಟ ಬದಲಿಸಿ ಕಟ್ಟಿದ ಹಾಗೆ ಬೇರೆ ಕಡೆಗೆ ಸಾಗಿಸುತ್ತಿರಬೇಕು.

ಮೊದಲ ಐದು ವರ್ಷದವರ ಫೋಟೋ ನಮಗೆ ಸಿಕ್ಕಿದ್ದು ಹೀಗೆ. ಫೋಟೋದಣ್ಣ ಅಟ್ಟ ಹತ್ತಿ ನಾಲ್ಕು ಟ್ರಂಕು ಇಳಿಸಿದರು. ಅರ್ಜಿಯ ಫೋಟೋವನ್ನು ಜೋಪಾನವಾಗಿ ಎಬ್ಬಿಸಿ ಬೆನ್ನಿನ ನಂಬರು ನೋಡುವುದು, ಲೆಕ್ಕದ ಪುಸ್ತಕದಲ್ಲಿ ಹೆಸರು ತಾಳೆ ಹಾಕುವುದು, ಲಕೋಟೆ ಹುಡುಕುವುದು. ಸಿಕ್ಕ ನೆಗೆಟಿವ್ ಅನ್ನು ಮಗ ಒಂದು ಬಿಳಿ ದೀಪದ ಗಾಜಿನ ಮೇಲಿಟ್ಟು, ಅದೇ ಡಿಜಿಟಲ್ ಕ್ಯಾಮೆರಾದಲ್ಲಿ ಅದರ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳುಪಾಗಿ, ಬಿಳುಪನ್ನು ಕಪ್ಪಾಗಿ ತಿರುಗಿಸಿದ. ಅಪ್ಪನ ಬೆಳ್ಳಿಯನ್ನು ಮಗನ ಯಂತ್ರ ಓದಿದ ಹಾಗಾಯಿತು. ಹೆಬ್ಬೆರಳಿನ ಉಗುರಿನಷ್ಟಿದ್ದ ಮುಖ ಪರದೆಯ ತುಂಬ ಬಂದು ನಿಂತಾಗ ನಮ್ಮ ಸಮಿತಿಯವರು ಯಾರೂ ಮಾತಾಡಲಿಲ್ಲ. ಅವತ್ತು ಒಬ್ಬ ಅಗಲಿದ ಸದಸ್ಯರ ಮನೆಯವರನ್ನೂ ಕರೆಸಿದ್ದೆವು. ಆ ತಾಯಿ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಹತ್ತಿರ ಹೋಗಿ ನೋಡಿ, 'ಮೇಲಿನ ಗುಂಡಿ ಹಾಕ್ಕೊಳ್ಳಿ ಅಂತ ಎಷ್ಟು ಬಡ್ಕೊಂಡೆ ಅವತ್ತು, ಹಾಕ್ಕೊಂಡೇ ಇಲ್ಲ ನೋಡಿ' ಎಂದರು. ಅಂಗಿಯ ಗುಂಡಿ ಸ್ಟಾಂಪ್ ಸೈಜಿನಲ್ಲಿ ನಮಗೆ ಕಂಡಿರಲೇ ಇಲ್ಲ.

ಈಗ ಸ್ಟುಡಿಯೋಗೆ ಫೋಟೋ ತೆಗೆಸಲೆಂದೇ ಬರುವವರು ಕಡಿಮೆ. 2010ರಿಂದ ಆಧಾರ್ ಬಂದ ಮೇಲೆ ಸರ್ಕಾರಿ ಕೆಲಸದ ಎಷ್ಟೋ ಮುಖಗಳನ್ನು ಕೇಂದ್ರದ ಕ್ಯಾಮೆರಾವೇ ತೆಗೆದುಕೊಳ್ಳುತ್ತದೆ. ಮಿಕ್ಕದ್ದು ಮೊಬೈಲಿನಲ್ಲಿ. ಒಬ್ಬೊಬ್ಬರ ಮೊಬೈಲಿನಲ್ಲೂ ಸಾವಿರಾರು ಫೋಟೋ. ತಂದೆಯ ಒಂದು ನೇರ ಮುಖದ ಫೋಟೋ ಕೊಡಿ ಎಂದು ನಾವು ಕೇಳಿದಾಗ ಹುಡುಕಿ ಹುಡುಕಿ, 'ಹಳೇ ಫೋನಲ್ಲಿತ್ತು' ಎಂದವರೇ ಹೆಚ್ಚು. ಫೋಟೋದಣ್ಣ ಮತ್ತೆ ಲೆಕ್ಕದ ಪುಸ್ತಕ ತೆರೆದಿದ್ದಾರೆ. ಮಗ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಪ್ರತಿ ಇಡುತ್ತಾನೆ, ಒಂದು ಸ್ಟುಡಿಯೋದಲ್ಲಿ, ಒಂದು ಮನೆಯಲ್ಲಿ. ಸಂಘದ ಬೀರುವನ್ನೂ ಒಣ ಗೋಡೆಗೆ ಸರಿಸಿದ್ದೇವೆ.

ಅಗಲಿದ ಸದಸ್ಯರ ಪುಟಗಳಲ್ಲಿ ಮೂರು ಚೌಕಗಳನ್ನು ಹೆಸರು ಮಾತ್ರ ಹಾಕಿ ಖಾಲಿ ಬಿಟ್ಟಿದ್ದೇವೆ. ಮೂವರೂ 2006ರಿಂದ 2009ರ ಒಳಗೆ ಸೇರಿದವರು. ಅವರ ಮನೆಗಳಲ್ಲಿ ಹುಡುಕಿಸಿದ್ದಾಯಿತು, ಸಿಗಲಿಲ್ಲ. ಯಾರದಾದರೂ ಮದುವೆ ಆಲ್ಬಮ್ಮಿನ ಊಟದ ಪಂಕ್ತಿಯಲ್ಲೋ, ಜಾತ್ರೆಯ ಗುಂಪಿನಲ್ಲೋ, ಹಳೆಯ ಪಡಿತರ ಚೀಟಿಯಲ್ಲೋ ಇವರ ಮುಖ ಕಂಡರೆ ದಯವಿಟ್ಟು ಕಚೇರಿಗೆ ತಂದು ತೋರಿಸಿ. ಅಂದೇ ಪ್ರತಿ ತೆಗೆದು ನಿಮ್ಮದನ್ನು ನಿಮಗೆ ವಾಪಸ್ಸು ಕೊಡುತ್ತೇವೆ. ಸಂಘದ ಸಭಾಂಗಣದ ಗೋಡೆಯ ಮೇಲೂ ಮೂರು ಮೊಳೆ ಹೊಡೆದು ಜಾಗ ಬಿಟ್ಟಿದೆ.